ವಿಷಯ: ನಿಮ್ಮ ‘ಪ್ರೊಲ್ಯಾಕ್ಟಿನ್ ಪುಡಿ’ಯ ಹಣ ವಾಪಸು ಮಾಡುವ ಬಗ್ಗೆ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

6 ಸಲ ಫೋನ್ ಮಾಡಿ ಸೋತ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ‘21 ದಿನದಲ್ಲಿ ಹಾಲು ಹೆಚ್ಚದಿದ್ದರೆ ಹಣ ವಾಪಸ್’ ಎಂಬುದು ನಿಮ್ಮ ಡಬ್ಬಿಯ ಮೇಲೆ ನೀವೇ ಅಚ್ಚು ಹಾಕಿಸಿದ ಕರಾರು. ನಾನು ಓದಿ ಹೇಳಬೇಕಾಗಿಲ್ಲ. ಏಪ್ರಿಲ್‌ನಲ್ಲಿ 4 ಡಬ್ಬಿ ತಿನ್ನಿಸಿದೆ, 2,560 ರೂಪಾಯಿ. ದಿನಕ್ಕೆ 11 ಲೀಟರ್ ಕೊಡುತ್ತಿದ್ದ ನನ್ನ ಹಸು ಗೌರಿ 9ಕ್ಕೆ ಇಳಿದಳು.

ಮೊನ್ನೆ ಬೆಳಿಗ್ಗೆ ಡೇರಿಯ ಮುಂದೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ನಿಮ್ಮ ‘ಪಶು ತಜ್ಞ’ರು ಕರೆ ಮಾಡಿದರು. ಗದ್ದಲದಲ್ಲಿ ಕೇಳಿಸಲಿಲ್ಲವೆಂದು ಸ್ಪೀಕರ್ ಹಾಕಿದ್ದು ನನ್ನ ತಪ್ಪು. ‘ಹಾಲು ಕರೆಯುವವರು ಯಾರು?’ ನಾನೇ ಎಂದೆ. ‘ಉಗುರು ಕತ್ತರಿಸಿದ್ದೀರಾ?’ ಕತ್ತರಿಸಿದ್ದೇನೆ. ‘ಕೈ ತಣ್ಣಗಿರುತ್ತದೆಯೇ?’ ಈ ಬಿಸಿಲಿನಲ್ಲಿ ಯಾರ ಕೈ ತಣ್ಣಗಿರುತ್ತದೆ ಸ್ವಾಮಿ? ‘ಮನೆಯಲ್ಲಿ ಜಗಳವೇನಾದರೂ? ಹಸುವಿಗೆ ಗೊತ್ತಾಗುತ್ತದೆ.’ ಸಾಲಿಗೆ ಸಾಲೇ ನಕ್ಕಿತು. ಹಾಲು ಪರೀಕ್ಷಿಸುವ ಹುಡುಗ ಲ್ಯಾಕ್ಟೋಮೀಟರ್ ಕೆಳಗಿಟ್ಟು ನಕ್ಕ. ಪುಡಿಯಿಂದ ಪ್ರೊಲ್ಯಾಕ್ಟಿನ್, ಅಂದರೆ ಹಾಲು ಬರಿಸುವ ಹಾರ್ಮೋನು, ಹೇಗೆ ಹೆಚ್ಚುತ್ತದೆ ಎಂದು ಕೇಳಿದ್ದಕ್ಕೆ, ‘ಅದು ಪ್ರೋಟೀನ್ ಸರ್, ತಿಂದರೆ ಬರುತ್ತದೆ’ ಎಂದರು.

ಪ್ರೋಟೀನ್ ಹೌದು, 199 ಅಮೈನೋ ಆಮ್ಲಗಳ ಸರಪಳಿ. ತಿನ್ನಿಸಿದರೆ ಶೇಂಗಾ ಹಿಂಡಿಯಂತೆ ಅದೂ ಜೀರ್ಣವಾಗಿ ಹೋಗುತ್ತದೆ. ನಮ್ಮ ಪಶುವೈದ್ಯರು ಕೊಟ್ಟಿಗೆಯಲ್ಲಿ ನಿಂತು ಐದೇ ನಿಮಿಷದಲ್ಲಿ ತಿಳಿಸಿದರು: ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸಿ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಪ್ರೊಲ್ಯಾಕ್ಟಿನ್ ಅನ್ನು ಕಟ್ಟಿ ಹಿಡಿದಿರುತ್ತದೆ. ಕರು ಮೊಲೆಗೆ ಬಾಯಿ ಹಾಕಿದಾಗ, ನಾವು ಕರೆಯಲು ಕುಳಿತಾಗ ಆ ಹಿಡಿತ ಸಡಿಲವಾಗುತ್ತದೆ. ಹಗಲು ದೀರ್ಘವಾದರೂ, ಸೆಕೆ ಏರಿದರೂ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಏರುತ್ತದೆ. ಅಂದರೆ ಏಪ್ರಿಲ್ ಬಿಸಿಲು ನಿಮ್ಮ ಪುಡಿಯ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಿತ್ತು, ಆದರೂ ಹಾಲು ಇಳಿಯಿತು! ಕರು ಹಾಕುವ ಹೊತ್ತಿನಲ್ಲಿ ಕೆಚ್ಚಲಿಗೆ ಹಾಲು ತುಂಬಿಸಲು ಪ್ರೊಲ್ಯಾಕ್ಟಿನ್ ಬೇಕೇ ಬೇಕು. ಆಮೇಲೆ ಹಸುವಿನಲ್ಲಿ ಹಾಲಿನ ಇಳುವರಿಯನ್ನು ಹೆಚ್ಚಾಗಿ ನಡೆಸುವುದು ಬೆಳವಣಿಗೆಯ ಹಾರ್ಮೋನು. ಗೌರಿ ಕರು ಹಾಕಿ 5 ತಿಂಗಳಾಗಿದೆ. ಇಷ್ಟು ನಿಮ್ಮ ತಜ್ಞರಿಗೆ ತಿಳಿಯದೋ, ತಿಳಿದೂ ಮಾರುತ್ತಿದ್ದೀರೋ? ಎರಡರಲ್ಲಿ ಯಾವುದು ವಾಸಿ ಎಂದು ನೀವೇ ತೀರ್ಮಾನಿಸಿ.

15 ದಿನದಲ್ಲಿ ಹಣ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ಹಣ ಬಂದರೂ ಹೋಗುವ ಮನಸ್ಸಿದೆ. ಅದಕ್ಕೂ ಮೊದಲು ಗೌರಿಯನ್ನು ಟೆಂಪೋದಲ್ಲಿ ತಂದು ನಿಮ್ಮ ಕಚೇರಿಯ ಬಾಗಿಲಿಗೆ ಕಟ್ಟುತ್ತೇನೆ. ನಿಮ್ಮ ತಜ್ಞರು ಉಗುರು ಕತ್ತರಿಸಿಕೊಂಡು ಬಂದು ಆ 2 ಲೀಟರ್ ಕರೆದು ತೋರಿಸಲಿ. ಒದೆಯುತ್ತಾಳೆ, ಈಗಲೇ ಹೇಳಿರುತ್ತೇನೆ.

ಇಂತಿ,
ಗೌರಿಯ ಮಾಲೀಕ