ಬ್ಯಾಟರಿಯನ್ನು ದೂರುವ ಮೊದಲು ತಂತಿಯನ್ನು ಅಳೆಯಿರಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಿಂದ ಚಿತ್ರದುರ್ಗ, ಹಂಪಿಯ ಕಡೆಗೆ ಹೊರಟವರಲ್ಲಿ ಕಾರಿನ ಹಿಂದೆ ಪುಟ್ಟ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಬರುವವರು ತುಮಕೂರಿನ ಹೆದ್ದಾರಿಯಲ್ಲಿ ಈಗ ಆಗೊಮ್ಮೆ ಈಗೊಮ್ಮೆ ಕಾಣಸಿಗುತ್ತಾರೆ. ಅದರೊಳಗಿನ ದೀಪ, ಫ್ಯಾನ್, ನೀರಿನ ಪಂಪ್, ಚಿಕ್ಕ ಫ್ರಿಜ್ ಎಲ್ಲವೂ ಟ್ರೇಲರಿನಲ್ಲೇ ಇರುವ 12 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತವೆ. ರಸ್ತೆಬದಿಯ ತಿಂಡಿ ಟ್ರೇಲರುಗಳ ಒಳಗೂ ಹೆಚ್ಚುಕಡಿಮೆ ಇದೇ ವೈರಿಂಗ್ ಇರುತ್ತದೆ. ವಾಹನಗಳ ಎಲೆಕ್ಟ್ರಿಕಲ್ ಕೆಲಸ ಮಾಡುವ ನನ್ನ ಬಳಿಗೆ ಇಂಥ ಟ್ರೇಲರುಗಳವರು ತರುವ ದೂರು ಬಹುಪಾಲು ಒಂದೇ: ಬ್ಯಾಟರಿಗೆ ಚಾರ್ಜ್ ಏರುತ್ತಿಲ್ಲ. ಅವರು ಅದಕ್ಕೂ ಮೊದಲು ಹೋದ ಅಂಗಡಿಗಳಲ್ಲಿ ಸಿಕ್ಕಿರುವ ಉತ್ತರವೂ ಬಹುಪಾಲು ಒಂದೇ: ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ. ಮೀಟರನ್ನು ಕೈಗೆ ತೆಗೆದುಕೊಳ್ಳದೆಯೇ ಕೊಡುವ ಈ ಉತ್ತರದಿಂದ ಜನರ ಸಾವಿರಾರು ರೂಪಾಯಿ ವ್ಯರ್ಥವಾಗುತ್ತಿರುವುದನ್ನು ಕಂಡು ಬೇಸರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಟ್ರೇಲರಿನ ಬ್ಯಾಟರಿಗೆ ಚಾರ್ಜ್ ಬರಲು ಸಾಮಾನ್ಯವಾಗಿ ಮೂರು ದಾರಿಗಳಿವೆ. ಎಳೆಯುವ ವಾಹನದ ಆಲ್ಟರ್ನೇಟರಿನಿಂದ, ಅಂದರೆ ನಮ್ಮ ಕಡೆ ಇಂದಿಗೂ ಡೈನಮೋ ಎಂದು ಕರೆಯುವ ಸಾಧನದಿಂದ, ಕೊಂಡಿಯ ಪ್ಲಗ್ ಮೂಲಕ ಬರುವುದು ಒಂದು. ತಂಗಿದ ಜಾಗದಲ್ಲಿ 230 ವೋಲ್ಟಿನ ಸಾಕೆಟ್ಟಿಗೆ ಸಿಕ್ಕಿಸಿದಾಗ ಒಳಗಿನ ಚಾರ್ಜರಿನಿಂದ ಬರುವುದು ಇನ್ನೊಂದು. ಚಾವಣಿಯ ಸೋಲಾರ್ ಪ್ಯಾನೆಲಿನಿಂದ ಬರುವುದು ಮತ್ತೊಂದು. ಈ ಮೂರರಲ್ಲಿ ಯಾವುದು ಕೈಕೊಟ್ಟಿದೆ ಎಂದು ಮೊದಲು ತಿಳಿಯಬೇಕು. ಒಂದು ದಾರಿಯಿಂದ ಚೆನ್ನಾಗಿ ಚಾರ್ಜ್ ಏರಿ ಇನ್ನೊಂದರಿಂದ ಏರದಿದ್ದರೆ ಬ್ಯಾಟರಿಯಲ್ಲಿ ದೋಷವಿಲ್ಲವೆಂದು ಅಲ್ಲಿಗೇ ಅರ್ಧ ಗೊತ್ತಾದಂತೆ. ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸುವಾಗ ಉಳಿದೆರಡನ್ನು ಪೂರ್ತಿ ಬಿಡಿಸಿಡುವುದು ಅಗತ್ಯ. ಇಲ್ಲವಾದರೆ ಸೋಲಾರಿನಿಂದ ಬಂದ ವೋಲ್ಟನ್ನು ಕಾರಿನಿಂದ ಬಂದದ್ದೆಂದು ತಿಳಿದು ದಾರಿ ತಪ್ಪುತ್ತೇವೆ.

ಪರೀಕ್ಷೆಗೆ ಬೇಕಾದದ್ದು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಲೆಡ್-ಆಸಿಡ್ ಬ್ಯಾಟರಿಯನ್ನು ಚಾರ್ಜ್ ಮಾಡದೆ, ಲೋಡೂ ಕೊಡದೆ ಕೆಲವು ಗಂಟೆ ಬಿಟ್ಟು ನೋಡಿದಾಗ 12.6ರಿಂದ 12.7 ವೋಲ್ಟ್ ತೋರಿದರೆ ತುಂಬಿದೆ ಎಂದೂ, 12.2ರ ಆಸುಪಾಸಿನಲ್ಲಿದ್ದರೆ ಅರ್ಧ ಉಳಿದಿದೆ ಎಂದೂ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದಾಗಿದೆ ಎಂದೂ ತಿಳಿಯಬಹುದು. ಚಾರ್ಜ್ ಕೊಡಲು ಶುರು ಮಾಡಿದ ಮೇಲೆ ಅದೇ ಟರ್ಮಿನಲ್ಲುಗಳ ಮೇಲೆ ವೋಲ್ಟ್ 13ನ್ನು ದಾಟಿ ಕ್ರಮೇಣ 14.4ರ ಕಡೆಗೆ ಏರಬೇಕು. ಏರದಿದ್ದರೆ ಚಾರ್ಜ್ ಹೊರಡುವ ಜಾಗದಲ್ಲಿ ಎಷ್ಟಿದೆ ಎಂದು ನೋಡಬೇಕು. ಹೊರಡುವಲ್ಲಿ 14.2 ಇದ್ದು ತಲುಪುವಲ್ಲಿ 12.4 ಇದ್ದರೆ ನಡುವಿನ 1.8 ವೋಲ್ಟ್ ದಾರಿಯಲ್ಲೇ ಎಲ್ಲೋ ನಷ್ಟವಾಗುತ್ತಿದೆ. ಆ ಜಾಗವನ್ನು ಹುಡುಕುವುದೇ ದುರಸ್ತಿಯ ಕೆಲಸ. ಬ್ಯಾಟರಿ ಬದಲಾಯಿಸಿದರೆ ಆ ನಷ್ಟ ಹಾಗೆಯೇ ಉಳಿಯುತ್ತದೆ.

ಈಚೆಗೆ ಒಂದು ಕುಟುಂಬ ತಂದಿದ್ದ ಟ್ರೇಲರಿನಲ್ಲಿ ಕಂಡ ಅಂಕಿಗಳು ಇವೇ. ಬ್ಯಾಟರಿಯನ್ನು ಆಗಲೇ ಬೇರೆಡೆ ಬದಲಾಯಿಸಿಯಾಗಿತ್ತು. ಹೊಸದೂ ಎರಡು ರಾತ್ರಿಗೆ ಬರಿದಾಗುತ್ತಿತ್ತು. ಕಾರಿನ ಎಂಜಿನ್ ಚಾಲೂ ಇಟ್ಟು, ಉದ್ದನೆಯ ತಂತಿಯೊಂದನ್ನು ಮೀಟರಿನ ಕಡ್ಡಿಗೆ ಜೋಡಿಸಿ, ಕಾರಿನ ಬ್ಯಾಟರಿಯ ಪ್ಲಸ್‌ನಿಂದ ಟ್ರೇಲರ್ ಬ್ಯಾಟರಿಯ ಪ್ಲಸ್‌ವರೆಗೆ ಅಳೆದಾಗ 0.4 ವೋಲ್ಟ್ ಬಂತು. ಮೈನಸ್‌ನಿಂದ ಮೈನಸ್‌ಗೆ ಅಳೆದಾಗ 1.4 ಬಂತು. ದೋಷ ಅರ್ತಿಂಗಿನಲ್ಲಿ, ಅಂದರೆ ಮೈನಸ್ ಬದಿ ಚಾಸಿಗೆ ಸೇರುವ ದಾರಿಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಬಾಗಿ ನೋಡಿದರೆ, ಎಳೆಯುವ ಕಂಬಿಯ ಬುಡದಲ್ಲಿ ಅರ್ತ್ ತಂತಿಯ ಲಗ್ಗನ್ನು, ಅಂದರೆ ತುದಿಯ ಲೋಹದ ಬಳೆಯನ್ನು, ಚಾಸಿಯ ಬಣ್ಣದ ಮೇಲೆಯೇ ಬೋಲ್ಟ್ ಹಾಕಿ ಬಿಗಿದಿದ್ದರು; ಬೋಲ್ಟಿನ ಸುತ್ತ ತುಕ್ಕು, ಲಗ್ಗಿನ ಬಾಯಲ್ಲಿ ಹಸಿರು ಕಿಲುಬು. ಬಣ್ಣವನ್ನು ಹೊಳೆಯುವ ಕಬ್ಬಿಣ ಕಾಣುವತನಕ ಉಜ್ಜಿ, ಲಗ್ ಬದಲಿಸಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದ ಮೇಲೆ ಆ ಭಾಗದ ನಷ್ಟ 0.2 ವೋಲ್ಟಿಗಿಂತ ಕೆಳಗಿಳಿಯಿತು, ಬ್ಯಾಟರಿಯ ತುದಿಯಲ್ಲಿ ವೋಲ್ಟ್ 13.5ನ್ನು ದಾಟಿತು. ಆ ಕುಟುಂಬ ಹೊಸ ಬ್ಯಾಟರಿಗೆ ತೆತ್ತ ಹಣ ಮಾತ್ರ ವಾಪಸು ಬರುವಂಥದ್ದಲ್ಲ.

ಇಂಥ ದೋಷ ಮೊದಲ ಅಂಗಡಿಯಲ್ಲೇ ಏಕೆ ಸಿಗುವುದಿಲ್ಲ ಎಂಬುದಕ್ಕೆ ಕಾರಣವಿದೆ. ನಮ್ಮ ಕಸುಬಿನವರಲ್ಲಿ ಅನೇಕರು ಇಂದಿಗೂ ಟೆಸ್ಟ್ ಲ್ಯಾಂಪನ್ನೇ ನೆಚ್ಚಿಕೊಂಡಿದ್ದಾರೆ. ಬಲ್ಬು ಹತ್ತಿದರೆ ಕರೆಂಟ್ ಬರುತ್ತಿದೆ ಎಂದು ತೀರ್ಮಾನಿಸುತ್ತಾರೆ. ಆದರೆ ಆ ಬಲ್ಬಿಗೆ ಅರ್ಧ ಆಂಪಿಯರ್ ಸಿಕ್ಕರೂ ಸಾಕು. ಒಂದೆರಡು ಎಳೆ ಮಾತ್ರ ಉಳಿದಿರುವ ತಂತಿಯೂ, ಕಿಲುಬು ಹಿಡಿದ ಪಿನ್ನೂ ಅಷ್ಟನ್ನು ದಾಟಿಸುತ್ತವೆ. ಚಾರ್ಜಿಗೆ ಬೇಕಾದ 15, 20 ಆಂಪಿಯರ್ ಹರಿಯಬೇಕಾದಾಗಲೇ ಅವುಗಳ ನಿಜಸ್ಥಿತಿ ಹೊರಬೀಳುವುದು. ಆದ್ದರಿಂದ ವೋಲ್ಟ್ ನಷ್ಟವನ್ನು ಚಾರ್ಜ್ ಹರಿಯುತ್ತಿರುವಾಗಲೇ ಅಳೆಯಬೇಕು, ತಂತಿ ಬಿಚ್ಚಿಟ್ಟು ಅಳೆದರೆ ಪ್ರಯೋಜನವಿಲ್ಲ. ಆಂಪಿಯರ್ ನೋಡಲು ಕ್ಲ್ಯಾಂಪ್ ಮೀಟರ್ ಬಳಸುವವರೂ ಒಂದನ್ನು ಗಮನಿಸಬೇಕು: ಮನೆ ವೈರಿಂಗಿನವರ ಬಳಿ ಇರುವ ಅಗ್ಗದ ಕ್ಲ್ಯಾಂಪ್ ಮೀಟರುಗಳಲ್ಲಿ ಹೆಚ್ಚಿನವು ಎಸಿಯನ್ನು ಮಾತ್ರ ಅಳೆಯುತ್ತವೆ, ಬ್ಯಾಟರಿ ತಂತಿಗೆ ಹಾಕಿದರೆ ಸೊನ್ನೆಯನ್ನೇ ತೋರಿಸುತ್ತವೆ. ಡಿಸಿ ಆಂಪಿಯರ್ ಅಳೆಯುವ ಕ್ಲ್ಯಾಂಪನ್ನೇ ಕೇಳಿ ತೆಗೆದುಕೊಳ್ಳಬೇಕು.

ತಂತಿಯ ದಪ್ಪದ ವಿಷಯದಲ್ಲಿ ಟ್ರೇಲರ್ ಕಟ್ಟುವವರು ತೋರುವ ಉಳಿತಾಯ ನನಗೆ ಒಪ್ಪಿಗೆಯಾಗುವುದಿಲ್ಲ. ಕಾರಿನ ಬ್ಯಾಟರಿಯಿಂದ ಟ್ರೇಲರಿನ ಬ್ಯಾಟರಿಗೆ 10 ಮೀಟರ್ ಎಂದಿಟ್ಟುಕೊಂಡರೆ ಹೋಗಿಬರುವ ದಾರಿ 20 ಮೀಟರ್. 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿದರೆ 15 ಆಂಪಿಯರ್ ಹರಿಯುವಾಗ ಸುಮಾರು 2.1 ವೋಲ್ಟ್ ತಂತಿಯಲ್ಲೇ ಹೋಗುತ್ತದೆ. 16 ಚದರ ಮಿಲಿಮೀಟರಿನದಾದರೆ ಆ ನಷ್ಟ ಮೂರನೇ ಒಂದು ವೋಲ್ಟಿನಷ್ಟು. ತೆಳು ತಂತಿ ಹಾಕಿದಾಗ ನಿಜದಲ್ಲಿ 15 ಆಂಪಿಯರ್ ಹರಿಯುವುದೇ ಇಲ್ಲ, ತೊಟ್ಟು ತೊಟ್ಟಾಗಿ ಎರಡು ಮೂರು ಆಂಪಿಯರ್ ಹೋಗುತ್ತಿರುತ್ತದೆ, ದಿನವಿಡೀ ಓಡಿಸಿದರೂ ಬ್ಯಾಟರಿ ತುಂಬುವುದಿಲ್ಲ. ಇನ್ನು ಕೆಲವು ಟ್ರೇಲರುಗಳಲ್ಲಿ ತೆಳು ತಂತಿಯೂ ಇರುವುದಿಲ್ಲ. ದೀಪಗಳಿಗೆಂದೇ ಇರುವ ಹಳೆಯ ಮಾದರಿಯ ಏಳು ಪಿನ್ನಿನ ಪ್ಲಗ್ಗಿನಲ್ಲಿ ಇಂಡಿಕೇಟರ್, ಬ್ರೇಕ್, ಟೇಲ್ ಲ್ಯಾಂಪ್, ಫಾಗ್ ಲ್ಯಾಂಪ್ ಮತ್ತು ಅರ್ತಿಗೆ ಮಾತ್ರ ಜಾಗವಿದೆ, ಚಾರ್ಜಿನ ತಂತಿಗೆ ಪಿನ್ನೇ ಇಲ್ಲ. ಹದಿಮೂರು ಪಿನ್ನಿನ ಪ್ಲಗ್ಗಿನಲ್ಲಿ ಅದಕ್ಕೆ ಪ್ರತ್ಯೇಕ ಪಿನ್ನುಗಳಿವೆ, ಆದರೆ ಕಾರಿನ ಬದಿಯಲ್ಲಿ ಅವುಗಳಿಗೆ ತಂತಿ ಎಳೆಯದೇ ಬಿಟ್ಟಿದ್ದರೆ ಇದ್ದೂ ಇಲ್ಲದಂತೆ.

ಹೊಸ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ಇಂಧನ ಉಳಿಸಲೆಂದು ಹಲವು ವಾಹನಗಳ ಆಲ್ಟರ್ನೇಟರ್ ತನ್ನ ವೋಲ್ಟನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಸಮರಸ್ತೆಯಲ್ಲಿ ಹೋಗುವಾಗ ಅದು 12.5ರ ಸುಮಾರಿಗೆ ಇಳಿದು, ಬ್ರೇಕ್ ಒತ್ತಿದಾಗ ಏರಬಹುದು. ಅಂಥ ಕಾರಿಗೆ ಎಷ್ಟು ದಪ್ಪ ತಂತಿ ಎಳೆದರೂ ಸಾಲದು. ಬಂದ ವೋಲ್ಟನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸಿ, ಆಂಪಿಯರನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರನ್ನು ಟ್ರೇಲರಿನ ಬ್ಯಾಟರಿಯ ಹತ್ತಿರ ಕೂರಿಸಲೇಬೇಕು. ಲಿಥಿಯಂ ಬ್ಯಾಟರಿ ಹಾಕಿಸಿಕೊಂಡವರಿಗೂ ಇದೇ ಸಲಹೆ, ಏಕೆಂದರೆ ಅದು ಬರಿದಾಗಿದ್ದಾಗ ಆಲ್ಟರ್ನೇಟರಿನಿಂದ ಮಿತಿಮೀರಿ ಎಳೆದು ಅದನ್ನು ಸುಡಿಸಬಲ್ಲದು. ಬೆಂಗಳೂರಿನಿಂದ ತುಮಕೂರಿಗೆ ಬರುವ ಸುಮಾರು 70 ಕಿಲೋಮೀಟರಿನಲ್ಲಿ ಲೆಡ್-ಆಸಿಡ್ ಬ್ಯಾಟರಿ ಪೂರ್ತಿ ತುಂಬುತ್ತದೆಂದು ಮಾತ್ರ ಯಾರೂ ನಿರೀಕ್ಷಿಸಬಾರದು; ಕೊನೆಯ ಐದನೇ ಒಂದು ಭಾಗ ತುಂಬಲು ಅದಕ್ಕೆ ಗಂಟೆಗಟ್ಟಲೆ ಬೇಕು.

ಸಾಕೆಟ್ಟಿಗೆ ಸಿಕ್ಕಿಸಿದಾಗ ಚಾರ್ಜ್ ಏರದಿದ್ದರೆ ಮೊದಲು ಬ್ಯಾಟರಿಯನ್ನು ಬೇರ್ಪಡಿಸುವ ಸ್ವಿಚ್ಚನ್ನು ನೋಡಬೇಕು. ಟ್ರೇಲರನ್ನು ಶೆಡ್ಡಿನಲ್ಲಿ ನಿಲ್ಲಿಸುವಾಗ ಆಫ್ ಮಾಡಿದ್ದನ್ನು ಹಾಗೆಯೇ ಮರೆತವರು ಬಹಳ. ಅನಂತರ ಚಾರ್ಜರಿನ ಫ್ಯೂಸುಗಳು. ಬ್ಯಾಟರಿಯ ಪ್ಲಸ್ ಮೈನಸ್ ಒಂದು ಕ್ಷಣ ಅದಲುಬದಲಾದರೂ ಸುಟ್ಟುಹೋಗುವ ಫ್ಯೂಸುಗಳನ್ನು ಹಲವು ಚಾರ್ಜರುಗಳಲ್ಲಿ ಇಟ್ಟಿರುತ್ತಾರೆ. 230 ವೋಲ್ಟಿನ ಬದಿಗೆ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಅಲ್ಲದವರು ಕೈ ಹಾಕಬಾರದು. ತಗಡಿನ ಮೈಯ ಟ್ರೇಲರಿಗೆ ಅರ್ತ್ ಇಲ್ಲದ ಸಾಕೆಟ್ಟಿನಿಂದ ಕರೆಂಟ್ ಕೊಟ್ಟರೆ ಮೆಟ್ಟಿಲ ಮೇಲೆ ಕಾಲಿಡುವ ಮಗುವಿಗೂ ಶಾಕ್ ಹೊಡೆಯಬಹುದು. ನಂದಿ ಬೆಟ್ಟ, ದೇವರಾಯನದುರ್ಗದ ಆಸುಪಾಸಿನಲ್ಲಿ ಟ್ರೇಲರಿನವರಿಗೆ ಜಾಗ ಕೊಡುವ ಹೋಂಸ್ಟೇ, ತೋಟದ ಮನೆಗಳವರು ಸರಿಯಾದ ಅರ್ತ್ ಇರುವ 16 ಆಂಪಿಯರಿನ ಸಾಕೆಟ್ಟನ್ನೂ, ಕರೆಂಟ್ ಸೋರಿದೊಡನೆ ತಾನೇ ಆಫ್ ಆಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನೂ ಹಾಕಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇರುವ ಜಿಲ್ಲೆ ನಮ್ಮದು. ಬಿಸಿಲಿಗೆ ಇಲ್ಲಿ ಕೊರತೆಯಿಲ್ಲ. ಆದರೂ ನೆರಳಿಗೆಂದು ಹುಣಸೆಮರದ ಕೆಳಗೆ ಟ್ರೇಲರ್ ನಿಲ್ಲಿಸಿ ಸೋಲಾರ್ ಕೆಲಸ ಮಾಡುತ್ತಿಲ್ಲ ಎನ್ನುವವರಿದ್ದಾರೆ. ಪ್ಯಾನೆಲಿನ ಒಂದು ಮೂಲೆಗೆ ನೆರಳು ಬಿದ್ದರೂ ಉತ್ಪಾದನೆ ಆ ನೆರಳಿನ ಪಾಲಿಗಿಂತ ಹಲವು ಪಟ್ಟು ಹೆಚ್ಚು ಕುಸಿಯುತ್ತದೆ. 100 ವಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಕೊಡುವುದು ಸುಮಾರು 25ರಿಂದ 30 ಆಂಪಿಯರ್-ಅವರ್. ಕಂಪ್ರೆಸರ್ ಫ್ರಿಜ್ ಒಂದೇ ಅಷ್ಟನ್ನೂ ಖರ್ಚು ಮಾಡಬಲ್ಲದು.

ಎಲ್ಲವನ್ನೂ ಆಫ್ ಮಾಡಿಟ್ಟರೂ ಬ್ಯಾಟರಿ ಇಳಿಯುತ್ತದೆ ಎಂಬ ದೂರಿಗೂ ಉತ್ತರವಿದೆ. ಗ್ಯಾಸ್ ಸೋರಿಕೆ ಎಚ್ಚರಿಸುವ ಸಾಧನ, ಸ್ಟೀರಿಯೊದ ಮೆಮೊರಿ, ಇನ್ವರ್ಟರಿನ ಚಿಕ್ಕ ದೀಪ ಇವೆಲ್ಲ ಸೇರಿ 0.1 ಆಂಪಿಯರ್ ಎಳೆದರೂ ದಿನಕ್ಕೆ 2.4 ಆಂಪಿಯರ್-ಅವರ್ ಆಗುತ್ತದೆ, 100 ಆಂಪಿಯರ್-ಅವರಿನ ಬ್ಯಾಟರಿ ಮೂರು ವಾರದೊಳಗೆ ಅರ್ಧಕ್ಕಿಳಿಯುತ್ತದೆ. ನಿಲ್ಲಿಸಿಡುವಾಗ ಮೈನಸ್ ತಂತಿಯನ್ನು ಬಿಚ್ಚಿಡುವುದು ಒಳ್ಳೆಯದು.

ಇಷ್ಟೆಲ್ಲ ನೋಡಿದ ಮೇಲೂ ಪೂರ್ತಿ ಚಾರ್ಜಾದ ಬ್ಯಾಟರಿ ಒಂದು ರಾತ್ರಿ ಚಾರ್ಜೂ ಲೋಡೂ ಇಲ್ಲದೆ ಬಿಟ್ಟಾಗ 12.4ಕ್ಕಿಂತ ಕೆಳಗಿಳಿದರೆ, ಅಥವಾ ಆಸಿಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಬ್ಯಾಟರಿಯ ಆರು ಸೆಲ್ಲುಗಳಲ್ಲಿ ಐದು 1.260ರ ಸುಮಾರು ತೋರಿ ಒಂದು ಮಾತ್ರ 1.150ಕ್ಕೆ ನಿಂತಿದ್ದರೆ, ಆಗ ಅದನ್ನು ಬದಲಾಯಿಸಬೇಕೆಂದು ನಾನೂ ಹೇಳುತ್ತೇನೆ. ಹಳೆಯದನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಮರುಬಳಕೆಗೆ ಒಪ್ಪಿಸಬೇಕು, ಗುಜರಿಯವರ ಬಳಿ ಒಡೆಸಿ ಸೀಸವನ್ನೂ ಆಸಿಡನ್ನೂ ಚರಂಡಿಗೆ ಬಿಡಿಸಬಾರದು.

ತಮ್ಮ ಪತ್ರಿಕೆಯ ಮೂಲಕ ಬ್ಯಾಟರಿ ವ್ಯಾಪಾರಿಗಳಲ್ಲಿ ನನ್ನ ಕೋರಿಕೆ ಇಷ್ಟೆ: ಹೊಸ ಬ್ಯಾಟರಿ ಮಾರುವ ಮೊದಲು ಹಳೆಯದರ ಮೇಲೆ, ಚಾರ್ಜ್ ನಿಲ್ಲಿಸಿರುವಾಗ ಮತ್ತು ಕೊಡುತ್ತಿರುವಾಗ, ಎಷ್ಟು ವೋಲ್ಟ್ ಇತ್ತೆಂದು ಅಳೆದು ಬಿಲ್ಲಿನ ಮೇಲೆ ಬರೆದುಕೊಡಲಿ. ಟ್ರೇಲರ್ ಕಟ್ಟುವವರು ಪ್ರತಿ ಟ್ರೇಲರಿನ ಜೊತೆಗೂ ವೈರಿಂಗಿನ ನಕ್ಷೆ ಕೊಡಲಿ. ಅದರಲ್ಲಿ ಪ್ರತಿ ತಂತಿಯ ದಪ್ಪ, ಪ್ರತಿ ಫ್ಯೂಸಿನ ಆಂಪಿಯರ್ ಮತ್ತು ಜಾಗ, ಅರ್ತ್ ಬೋಲ್ಟ್ ಎಲ್ಲಿದೆ ಎಂಬುದು ಇರಲಿ. ಟ್ರೇಲರ್ ಇಟ್ಟುಕೊಂಡವರಲ್ಲೂ ಒಂದು ವಿನಂತಿ: ದುರಸ್ತಿಗೆ ಬರುವಾಗ ಟ್ರೇಲರನ್ನು ಬೇರೊಂದು ಗಾಡಿಗೆ ಕಟ್ಟಿ ಕಳುಹಿಸದೆ, ದಿನವೂ ಎಳೆಯುವ ಕಾರಿನ ಜೊತೆಗೇ ತನ್ನಿ. ಚಾರ್ಜಿನ ದಾರಿ ಅರ್ಧ ಆ ಕಾರಿನಲ್ಲಿದೆ, ಅದಿಲ್ಲದೆ ಉಳಿದರ್ಧವನ್ನು ಮಾತ್ರ ನೋಡಿ ದೋಷವನ್ನು ಖಚಿತವಾಗಿ ಹೇಳಲಾಗುವುದಿಲ್ಲ.

ಇಂತಿ,
ಒಬ್ಬ ವಾಹನ ಎಲೆಕ್ಟ್ರಿಷಿಯನ್,
ಕ್ಯಾತ್ಸಂದ್ರ, ತುಮಕೂರು