ಅಪರಾಧ ಸಂತ್ರಸ್ತರ ಪರಿಹಾರ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಅಪರಾಧಿಗೆ ಶಿಕ್ಷೆಯಾದ ಮೇಲಷ್ಟೇ ಪರಿಹಾರ ಸಿಗುತ್ತದೆ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಹಲವರಿಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ, ಅಪರಾಧ ಪ್ರಕರಣಗಳ ಕ್ರಮವನ್ನು ಹೇಳುವ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಪ್ರಕಾರ, ಆರೋಪಿ ಪತ್ತೆಯಾಗದಿದ್ದರೂ ಸಂತ್ರಸ್ತರು ಅಥವಾ ಅವರ ಅವಲಂಬಿತರು ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಅದರ ವಿಚಾರಣೆ ಎರಡು ತಿಂಗಳೊಳಗೆ ಮುಗಿಯಬೇಕು.

ಆದರೆ ಈ ಪರಿಹಾರದ ಯೋಜನೆ ರೂಪಿಸುವುದು ಆಯಾ ರಾಜ್ಯ ಸರ್ಕಾರವಾದ್ದರಿಂದ, ಒಂದೇ ಬಗೆಯ ಗಾಯಕ್ಕೆ ಗಡಿಯ ಆಚೆಗೊಂದು ಮೊತ್ತ, ಈಚೆಗೊಂದು ಮೊತ್ತ. ಇದು ನ್ಯಾಯವೆಂದು ನನಗೆ ಅನಿಸುವುದಿಲ್ಲ. ಆ್ಯಸಿಡ್ ದಾಳಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಮಧ್ಯಪ್ರವೇಶಿಸಿ, ಕನಿಷ್ಠ 3 ಲಕ್ಷ ರೂಪಾಯಿ ಕೊಡಬೇಕು, ಅದರಲ್ಲಿ 1 ಲಕ್ಷವನ್ನು 15 ದಿನಗಳೊಳಗೆ ಚಿಕಿತ್ಸೆಗೆಂದು ತಲುಪಿಸಬೇಕು ಎಂದು ಆದೇಶಿಸಬೇಕಾಯಿತು. ಸುಟ್ಟ ಮುಖಕ್ಕೆ ಒಂದರ ಮೇಲೊಂದು ಶಸ್ತ್ರಚಿಕಿತ್ಸೆ ಮಾಡಿಸಬೇಕಾದವರಿಗೆ ಆ ಮೊತ್ತ ಎಲ್ಲಿಯವರೆಗೆ ಸಾಕಾದೀತು? 2018ರ ರಾಷ್ಟ್ರೀಯ ಯೋಜನೆ ಮೊತ್ತವನ್ನು ಹೆಚ್ಚಿಸಿತಾದರೂ ಅದು ಮಹಿಳೆಯರಿಗಾಗಿ ರೂಪಿಸಿದ್ದು.

ನಿಮಗೆ ತಿಳಿದ ಯಾವುದೇ ಕುಟುಂಬಕ್ಕೆ ಇಂಥ ಸ್ಥಿತಿ ಬಂದಿದ್ದರೆ, ಎಫ್‌ಐಆರ್ ಪ್ರತಿ, ವೈದ್ಯಕೀಯ ವರದಿ ಮತ್ತು ಔಷಧಿ ಅಂಗಡಿಯ ಚಿಕ್ಕ ರಸೀದಿಗಳನ್ನೂ ಒಂದೆಡೆ ಜೋಪಾನವಾಗಿಡಲು ದಯವಿಟ್ಟು ಇಂದೇ ತಿಳಿಸಿ. ಅಂತಿಮ ತೀರ್ಮಾನಕ್ಕೆ ಮೊದಲೇ ಕೊಡುವ ಮಧ್ಯಂತರ ಪರಿಹಾರವನ್ನೂ ಕೇಳಬಹುದು ಎಂಬುದನ್ನು ಮರೆಯದೆ ಹೇಳಿ.