ಅಂಕ ಔಷಧದ್ದೋ, ಮಿಲ್ಲಿನ ರಜೆಯದ್ದೋ?

ಮಾನ್ಯರೇ,

ಕಲಬುರಗಿಯ ದಾಲ್‌ಮಿಲ್ಲೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಮೂಗು ಕಟ್ಟುವುದು, ಸೀನು, ಗಂಟಲಿಗೆ ಇಳಿಯುವ ಕಫ ನನಗೆ ಸಂಬಳಕ್ಕಿಂತ ತಪ್ಪದೆ ಬರುತ್ತವೆ. ಕಳೆದ ವರ್ಷ ಜನವರಿಯಲ್ಲಿ ನಗರದ ಆಸ್ಪತ್ರೆಯೊಂದಕ್ಕೆ ಹೋದಾಗ, ಸ್ನಾತಕೋತ್ತರ ಓದುತ್ತಿದ್ದ ವೈದ್ಯೆಯೊಬ್ಬರು ತಮ್ಮ ಪ್ರಬಂಧದ ಅಧ್ಯಯನಕ್ಕೆ ನನ್ನನ್ನೂ ಸೇರಿಸಿಕೊಂಡರು. ಮೂಗಿನೊಳಗೆ ಸಣ್ಣ ದುರ್ಬೀನು ಇಳಿಸಿ, ಊದಿಕೊಂಡಿದ್ದ ಮಾಂಸವನ್ನು ಪರದೆಯ ಮೇಲೆ ನನಗೂ ತೋರಿಸಿದರು. ಅಷ್ಟು ತಾಳ್ಮೆಯಿಂದ ನನ್ನನ್ನು ನೋಡಿದ ವೈದ್ಯರು ಕಡಿಮೆ. ಅವರ ಮೇಲೆ ನನ್ನ ದೂರಿಲ್ಲ.

ನಂತರ ಪ್ರಶ್ನಾವಳಿ ಬಂತು. 22 ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ 5ರವರೆಗೆ ಅಂಕ; ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ಮೂಗು, ಕಿವಿ, ವಾಸನೆ, ನಿದ್ದೆ, ಮನಸ್ಸಿನ ಬೇಸರಕ್ಕೂ ಅಂಕವಿದೆ. ಸೈನಸ್ ರೋಗಿಗಳ ಮೇಲಿನ ಸಂಶೋಧನೆಗೆ ಇದನ್ನು ದೇಶವಿದೇಶಗಳಲ್ಲಿ ಬಳಸುತ್ತಾರೆ. ಅದು ಕೇಳುವುದು ಕಳೆದ ಎರಡು ವಾರಗಳ ತೊಂದರೆಯನ್ನು ಮಾತ್ರ. ಜನವರಿ ಎಂದರೆ ನಮ್ಮಲ್ಲಿ ಹೊಸ ತೊಗರಿಯ ಕಾಲ. ಜರಡಿ ಹಗಲು ರಾತ್ರಿ ಓಡುತ್ತದೆ. ಹೊಟ್ಟಿನ ಧೂಳು ಲೆಕ್ಕದ ಪುಸ್ತಕದ ಹಾಳೆಗಳ ನಡುವೆಯೂ ಕೂರುತ್ತದೆ. ಕಾಳು ಹಸನು ಮಾಡುವ ಹೆಂಗಸರು ಮೂಗಿಗೆ ಬಿಗಿದ ಸೆರಗನ್ನು ಸಂಜೆ ಕೊಡವಿದರೆ ದೀಪದ ಕೆಳಗೆ ಧೂಳು ಬಹಳ ಹೊತ್ತು ಸುಳಿದಾಡುತ್ತದೆ. ಆ ದಿನ ನನ್ನ ಅಂಕ 110ಕ್ಕೆ 71. ಮೂಗಿಗೆ ಸಿಂಪಡಿಸುವ ಔಷಧ ಕೊಟ್ಟು ಆರು ತಿಂಗಳ ನಂತರ ಬರಹೇಳಿದರು. ಜುಲೈನಲ್ಲಿ ಹೋದೆ, 28ಕ್ಕೆ ಇಳಿದಿತ್ತು.

ವೈದ್ಯೆಗೆ ಸಂತೋಷವಾಯಿತು. ನಾನು ಸುಮ್ಮನಿದ್ದೆ. ಔಷಧವನ್ನು ಮಾರ್ಚ್‌ನಲ್ಲೇ ಬಿಟ್ಟಿದ್ದೆ. ಜೂನ್‌ನಿಂದ ಮಾಲಿಲ್ಲದೆ ಮಿಲ್ಲು ಮುಚ್ಚಿತ್ತು, ಮಳೆಗೆ ಧೂಳೂ ಅಡಗಿತ್ತು. ಹೇಳದಿದ್ದುದು ನನ್ನ ತಪ್ಪು. ಆದರೆ ಯಾರೂ ಕೇಳಲೂ ಇಲ್ಲ. ನಮೂನೆಯಲ್ಲಿ ಉದ್ಯೋಗದ ಸಾಲಿಗೆ ‘ಗುಮಾಸ್ತ’ ಎಂದಷ್ಟೇ ಬರೆದುಕೊಂಡಿದ್ದರು. ಗುಮಾಸ್ತನ ಮೇಜು ಜರಡಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿದೆ ಎಂದು ಅವರಿಗೆ ಹೇಗೆ ಹೊಳೆಯಬೇಕು? ಲೆಕ್ಕದವನ ಭಾಷೆಯಲ್ಲಿ ಹೇಳುವುದಾದರೆ, ಜಮಾ ತಪ್ಪು ಖಾತೆಗೆ ಬಿದ್ದಿದೆ.

ಒಂದೇ ಕಾಲದಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಆ ಔಷಧ ಕೊಟ್ಟು ಹೋಲಿಸಿದ್ದರೆ ಧೂಳು ಇಬ್ಬರಿಗೂ ಸಮವಾಗುತ್ತಿತ್ತು. ನಾನಿದ್ದದ್ದು ಒಂದೇ ಗುಂಪಿನ ಅಧ್ಯಯನ. ಎರಡು ಗುಂಪು ಮಾಡುವಷ್ಟು ಸಮಯ ವಿದ್ಯಾರ್ಥಿಗಳಿಗೆ ಇಲ್ಲದಿದ್ದರೆ, ಕನಿಷ್ಠ ಒಂದು ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ರೋಗಿಯನ್ನು ನೋಡಲಿ. ನಮೂನೆಗೆ ಒಂದು ಸಾಲು ಸೇರಿಸಲಿ: ಕೆಲಸದಲ್ಲಿ ಧೂಳಿದೆಯೇ, ಯಾವ ತಿಂಗಳಲ್ಲಿ? ಶಹಾಬಾದಿನಲ್ಲಿ ಕಲ್ಲು ಕೊಯ್ಯುವವರಿಗೂ ಸೇಡಂನ ಸಿಮೆಂಟ್ ಕಾರ್ಖಾನೆಗಳ ಕಾರ್ಮಿಕರಿಗೂ ಇದೇ ಪ್ರಶ್ನೆ ಬೇಕು.

ಇನ್ನೊಂದು ಮಾತು. ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಗೆ 2007ರಿಂದ ಸಾರ್ವಜನಿಕ ಜಾಲತಾಣವಿದೆ, ಆದರೆ ಅಲ್ಲಿರುವುದು ಇಂಗ್ಲಿಷ್. ಸಹಿ ಮಾಡುವಾಗ ನನಗೆ ಕನ್ನಡದ ಒಪ್ಪಿಗೆ ಪತ್ರ ಕೊಟ್ಟಿದ್ದರು. ಫಲಿತಾಂಶವನ್ನೂ ಕನ್ನಡದಲ್ಲಿ ಒಂದು ಪುಟ ಬರೆದು ಹೊರರೋಗಿ ವಿಭಾಗದ ಗೋಡೆಗೆ ಅಂಟಿಸಬಾರದೇ?

ಪ್ರಶ್ನಾವಳಿಯ ಒಂದು ಪ್ರತಿ ನನ್ನ ಬಳಿ ಉಳಿದಿತ್ತು. ಈ ಜನವರಿಯಲ್ಲಿ ನಾನೇ ಅಂಕ ಹಾಕಿ ಕೂಡಿಸಿದೆ: 69.

— ಒಬ್ಬ ದಾಲ್‌ಮಿಲ್ ಗುಮಾಸ್ತ, ಕಲಬುರಗಿ